ಎಂಬತ್ತು ಮೀಟರ್ ನೆನಪಿನ ಹಿರಿಯರಿಗೆ

ತೀರ್ಥರೂಪು ಸಮಾನರಾದ, ತುಮಕೂರು ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ನಮ್ಮ ಶೆಡ್ಡಿನ ಮೂಲೆಯಲ್ಲಿ ಸ್ಥಿರವಾಗಿ ನೆಲೆಸಿರುವ ಹಿರಿಯ ವಿಎಂಸಿ (ವರ್ಟಿಕಲ್ ಮಷಿನಿಂಗ್ ಸೆಂಟರ್) ಅವರ ಸನ್ನಿಧಾನಕ್ಕೆ,

ಕ್ಯಾಮ್ ಪ್ರೋಗ್ರಾಮರ್ ಎಂಬ ಪದವಿಯಲ್ಲಿರುವ ತಮ್ಮ ಆಜ್ಞಾಧಾರಕ ಸೇವಕ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಉಭಯಕುಶಲೋಪರಿ ಸಾಂಪ್ರತ. ಇತ್ತ ಏರ್ ಪ್ರೆಷರ್, ಕೂಲಂಟು, ಗೈಡ್‌ವೇ ಎಣ್ಣೆ ಎಲ್ಲವೂ ಕ್ಷೇಮ. ತಮ್ಮ ಕ್ಷೇಮ ಸಮಾಚಾರಕ್ಕೆ ಕಾಗದ ಬರೆಯಿರಿ ಎಂದು ಕೇಳುವಷ್ಟು ಧೈರ್ಯ ನನಗಿಲ್ಲ. ಮೈ ಸರಿಯಿಲ್ಲದಾಗ ಮೂರಂಕಿಯ ಒಂದು ಅಲಾರಂ ತೋರಿಸಿ ಮೌನವಾಗುವುದು ತಮ್ಮ ಸಂಪ್ರದಾಯ. ಆ ಮೂರಂಕಿಯ ಅರ್ಥ ಹುಡುಕಿಕೊಳ್ಳುವುದು ನಮ್ಮ ಧರ್ಮ. ಎದುರು ನಿಂತು ಹೇಳಲಾಗದ ಕೆಲವು ಕೃತಜ್ಞತೆಗಳನ್ನು, ಸ್ಪಿಂಡಲ್ ನಿಂತಿರುವ ಹೊತ್ತು ನೋಡಿ, ಇಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ಮೊದಲಿಗೆ, ತಾವು ತಮ್ಮ ಪೂರ್ವಾಶ್ರಮವನ್ನು ಗುಟ್ಟಾಗಿ ಇಟ್ಟುಕೊಂಡಿರುವುದಕ್ಕೆ ವಂದನೆ. ಪೀಣ್ಯದಿಂದ ಲಾರಿ ಏರಿ, ಟಾರ್ಪಾಲು ಹೊದ್ದು, ಕ್ರೇನಿನಲ್ಲಿ ಇಳಿದಿರಿ. ಅದಕ್ಕೂ ಮೊದಲು ಯಾರ ಮನೆಯಲ್ಲಿದ್ದಿರಿ, ಏನು ಕೊರೆಯುತ್ತಿದ್ದಿರಿ, ನಿಮ್ಮ ಕಂಟ್ರೋಲರಿಗೆ ಯಾವ ಯಾವ ಆಪ್ಷನ್‌ಗೆ ದುಡ್ಡು ಕಟ್ಟಿದ್ದರು, ಯಾವುದಕ್ಕೆ ಕಟ್ಟಿರಲಿಲ್ಲ, ಒಂದೂ ತಿಳಿಯದು. ಕುಣಿಗಲ್ ಸ್ಟಡ್ ಫಾರ್ಮಿನಲ್ಲಿ ಹುಟ್ಟುವ ಕುದುರೆಮರಿಗೂ ಅಪ್ಪ ಅಜ್ಜ ಮುತ್ತಜ್ಜನ ಹೆಸರು ಬರೆದಿಟ್ಟಿರುತ್ತಾರೆ. ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ ಊರು ಅದು. ತಮ್ಮ ಜೊತೆ ಬಂದದ್ದು ಎಣ್ಣೆ ಹೀರಿದ ಒಂದು ಪ್ಯಾರಾಮೀಟರ್ ಪಟ್ಟಿ, ಅದರಲ್ಲೂ ಮೊದಲ ಪುಟವಿಲ್ಲ. ಹೀಗಾಗಿ ತಮ್ಮ ಸ್ವಭಾವವನ್ನು ನಾವು ಓದಿ ತಿಳಿಯಲಿಲ್ಲ. ತಾವು ಸಿಟ್ಟಾದಾಗಲೆಲ್ಲ ಒಂದೊಂದಾಗಿ ತಿಳಿದುಕೊಂಡೆವು.

ತಮಗೆ ಗೊತ್ತಿಲ್ಲದ, ಆದರೆ ತಮ್ಮಿಂದಾಗಿಯೇ ನಡೆಯುತ್ತಿರುವ ಒಂದು ಸೇವೆಯ ವಿಷಯ ಹೇಳಬೇಕು. ಕಂಪ್ಯೂಟರಿನಲ್ಲಿ ಜಾಬಿನ ಚಿತ್ರ ಬರೆಯುತ್ತೇವೆ. ಕ್ಯಾಮ್ ಸಾಫ್ಟ್‌ವೇರ್ ಟೂಲು ಹೋಗಬೇಕಾದ ದಾರಿಯನ್ನು ಲೆಕ್ಕ ಹಾಕುತ್ತದೆ. ಆ ಲೆಕ್ಕ ಯಾವ ಮಷಿನ್ನಿಗೂ ಸೇರಿದ್ದಲ್ಲ. ಅದನ್ನು ಆಯಾ ಕಂಟ್ರೋಲರಿಗೆ ಅರ್ಥವಾಗುವ ಜಿ-ಕೋಡ್ ಸಾಲುಗಳಾಗಿ ಬರೆದುಕೊಡುವ ಫೈಲಿಗೆ ಪೋಸ್ಟ್ ಪ್ರೊಸೆಸರ್ ಎನ್ನುತ್ತಾರೆ. ನಮ್ಮ ಶೆಡ್ಡಿನಲ್ಲಿ ಬರೀ 'ಪೋಸ್ಟ್'. 1952ರಲ್ಲಿ ಅಮೆರಿಕದ ಎಂಐಟಿಯಲ್ಲಿ ಮೊದಲ ಸಂಖ್ಯಾ ನಿಯಂತ್ರಿತ ಮಿಲ್ಲಿಂಗ್ ಮಷಿನ್ ಓಡಿತು. ಕೆಲವೇ ವರ್ಷಗಳಲ್ಲಿ ಅದೇ ಸಂಸ್ಥೆಯಲ್ಲಿ ಡಗ್ಲಸ್ ರಾಸ್ ಮುಂದಾಳಾಗಿ ಎಪಿಟಿ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ರೂಪಿಸಿದರು. ದಾರಿಯ ಲೆಕ್ಕ ಒಂದು ಕಡೆ, ಮಷಿನ್ನಿನ ಹಟಗಳಿಗೆ ಅದನ್ನು ಒಗ್ಗಿಸುವ ಕೆಲಸ ಇನ್ನೊಂದು ಕಡೆ ಎಂಬ ವ್ಯವಸ್ಥೆ ಆ ಕಾಲದ್ದು. 1980ರಲ್ಲಿ ಜಿ-ಕೋಡಿಗೆಂದು ಆರ್‌ಎಸ್-274-ಡಿ ಎಂಬ ಸ್ಟ್ಯಾಂಡರ್ಡ್ ಕೂಡ ಬಂತು. ಅದನ್ನು ಎಲ್ಲ ಕಂಪನಿಗಳೂ ಗೌರವಿಸಿದವು, ತಮಗೆ ಬೇಕಾದಷ್ಟು ಮಾತ್ರ. ಆದ್ದರಿಂದ ಸಾಫ್ಟ್‌ವೇರಿನ ಜೊತೆ ಪುಕ್ಕಟೆ ಸಿಗುವ 'ಜನರಿಕ್' ಪೋಸ್ಟ್ ಎಂದರೆ ಎಲ್ಲರಿಗೂ ಆಗುತ್ತದೆ, ತಮ್ಮೊಬ್ಬರನ್ನು ಬಿಟ್ಟು.

ದಶಾಂಶ ಬಿಂದುವಿನ ವಿಷಯದಲ್ಲಿ ತಾವು ಕಲಿಸಿದ ಶಿಸ್ತನ್ನು ಯಾವ ಗಣಿತದ ಮೇಷ್ಟರೂ ಕಲಿಸಿರಲಿಲ್ಲ. ಎಕ್ಸ್ 100 ಎಂದು ಬರೆದರೆ ಲೋಕದ ಕಣ್ಣಿಗೆ ನೂರು ಮಿಲಿಮೀಟರ್. ತಮಗೆ ಮಾತ್ರ ಅದು ನೂರು ಮೈಕ್ರಾನ್, ಅಂದರೆ 0.1 ಮಿಲಿಮೀಟರ್, ಹೆಚ್ಚುಕಡಿಮೆ ಕೂದಲಿನ ದಪ್ಪ. ನೂರು ಮಿಲಿಮೀಟರೇ ಬೇಕಿದ್ದರೆ 100ರ ಮುಂದೆ ಒಂದು ಚುಕ್ಕೆ ಇಟ್ಟು ಕೈಮುಗಿಯಬೇಕು. ಈಗಿನ ಮಷಿನ್ನುಗಳಲ್ಲಿ ಇದೊಂದು ಪ್ಯಾರಾಮೀಟರ್ ತಿರುಗಿಸಿದರೆ ಮುಗಿಯಿತು. ತಮ್ಮ ಪಟ್ಟಿಯಲ್ಲಿ ಆ ಸಾಲು ಕಾಣಿಸುತ್ತಿಲ್ಲ, ಇದ್ದರೆ ಮೊದಲ ಪುಟದಲ್ಲಿರಬೇಕು. ಸರಿ ಎಂದು ಪೋಸ್ಟ್ ಫೈಲು ತೆರೆದು, ಅಂಕಿ ಪೂರ್ಣಾಂಕವಾದರೂ ಚುಕ್ಕೆ ಬರಲೇಬೇಕೆಂದು ಬರೆದೆವು. ಆಗ ತಾವು ಇನ್ನೊಂದು ಕೃಪೆ ಮಾಡಿದಿರಿ: ಎಲ್ಲ ಕಡೆಯೂ ಚುಕ್ಕೆ ಇಡಕೂಡದು. ಸ್ಪಿಂಡಲ್ ವೇಗಕ್ಕೆ ಬೇಡ, ಟೂಲ್ ನಂಬರಿಗೆ ಬೇಡ, ಆಫ್‌ಸೆಟ್ ನಂಬರಿಗೆ ಬೇಡ. ತಂಗುವ ಹೊತ್ತನ್ನು ಹೇಳುವ ಜಿ04ರಲ್ಲಿ ಪಿ ಎಂದು ಬರೆದರೆ ಚುಕ್ಕೆ ನಿಷಿದ್ಧ, ಅಲ್ಲಿ 1000 ಎಂದರೆ ಒಂದು ಸೆಕೆಂಡು. ಎಕ್ಸ್ ಎಂದು ಬರೆದರೆ ಅದೇ ತಂಗುವಿಕೆಗೆ ಚುಕ್ಕೆ ಸಲ್ಲುತ್ತದೆ. ಇಂಥ ಮಡಿ-ಮೈಲಿಗೆಯ ಲೆಕ್ಕ ನಮ್ಮ ಅಜ್ಜಿಯ ಅಡುಗೆಮನೆಯಲ್ಲೂ ಇರಲಿಲ್ಲ.

ಒಂದು ಸಾಲಿಗೆ ಒಂದೇ ಎಂ-ಕೋಡ್ ಎಂಬ ತಮ್ಮ ವ್ರತವನ್ನೂ ಸ್ಮರಿಸುತ್ತೇನೆ. ಎಂ03 ಅಂದರೆ ಸ್ಪಿಂಡಲ್ ತಿರುಗಲಿ, ಎಂ08 ಅಂದರೆ ಕೂಲಂಟು ಬರಲಿ. ಎರಡನ್ನೂ ಒಂದೇ ಸಾಲಿನಲ್ಲಿ ಕೊಟ್ಟರೆ ಬೇರೆಯವರು ಎರಡೂ ಮಾಡುತ್ತಾರೆ, ಇಲ್ಲವೇ ಆಗದು ಎಂದು ಅಲಾರಂ ಕೊಡುತ್ತಾರೆ. ತಾವು ಕೊನೆಯದನ್ನು ಮಾತ್ರ ಕೇಳಿಸಿಕೊಂಡು, ಮೊದಲನೆಯದನ್ನು ಯಾರೂ ಹೇಳಲೇ ಇಲ್ಲವೆಂಬಂತೆ ಮುಂದುವರಿಯುತ್ತೀರಿ. ಕೂಲಂಟು ಜಲಪಾತದಂತೆ ಸುರಿಯುತ್ತಿರುತ್ತದೆ, ಎಂಡ್‌ಮಿಲ್ ತಿರುಗದೆ ನಿಂತಲ್ಲೇ ಕಬ್ಬಿಣದೊಳಕ್ಕೆ ನಡೆಯುತ್ತದೆ. ಕಾರ್ಬೈಡ್ ಮುರಿಯುವ ಸದ್ದು ಕೇಳಿದ ಮೇಲೆ ಪೋಸ್ಟ್‌ನಲ್ಲಿ ಎರಡನ್ನೂ ಎರಡು ಸಾಲಿಗೆ ಒಡೆಯುವ ನಮ್ಮ ಭಕ್ತಿ ಇನ್ನಷ್ಟು ಗಟ್ಟಿಯಾಯಿತು.

ಮನೆಗೆ ಹೋಗಿ ಎಂದು ಹೇಳುವ ಜಿ28ರ ಮಾತು ಬಂದರೆ ಈಗಲೂ ಅಂಗೈ ಬೆವರುತ್ತದೆ. ಟೂಲು ಬದಲಿಸುವ ಮುಂಚೆ ಜೆಡ್ ಮೇಲಕ್ಕೆ ಹೋಗಬೇಕು. ಅದಕ್ಕೆ ಜಿ28 ಜೆಡ್ 0. ಆದರೆ ಅಲ್ಲಿರುವ ಸೊನ್ನೆ ಮನೆಯ ವಿಳಾಸವಲ್ಲ, ದಾರಿಯಲ್ಲಿ ಹಾದು ಹೋಗಬೇಕಾದ ಜಾಗ. ತಾವು ಅಬ್ಸೊಲ್ಯೂಟ್ ಸ್ಥಿತಿಯಲ್ಲಿದ್ದರೆ ಆ ಜಾಗ ಯಾವುದು? ಜಾಬಿನ ನೆತ್ತಿ. ಮನೆಗೆ ಹೊರಟವರು ಮೊದಲು ರ್‍ಯಾಪಿಡ್‌ನಲ್ಲಿ (ಅಂದರೆ ಪೂರ್ತಿ ವೇಗದಲ್ಲಿ) ಕೆಳಗಿಳಿದು ಜಾಬಿನ ನೆತ್ತಿ ಮುಟ್ಟಿ ಆಮೇಲೆ ಮೇಲಕ್ಕೆ ಹೋಗುತ್ತೀರಿ. ನಡುವೆ ಕ್ಲ್ಯಾಂಪ್ ಇದ್ದರೆ ಅದನ್ನೂ ಕರೆದುಕೊಂಡು. ಅದಕ್ಕೇ ನಮ್ಮ ಪೋಸ್ಟ್ ಪ್ರತಿ ಟೂಲಿನ ಕೊನೆಗೂ, ಇದ್ದ ಜಾಗದಿಂದಲೇ ಅಳೆಯಿರಿ ಎನ್ನುವ ಜಿ91 ಬರೆದು, ಜಿ28 ಹೇಳಿ, ತಕ್ಷಣ ಅಬ್ಸೊಲ್ಯೂಟಿನ ಜಿ90ಕ್ಕೆ ಮರಳುತ್ತದೆ. ಈ ಮೂರು ಪದಗಳ ಸರದಿ ಒಂದಿಷ್ಟೂ ತಪ್ಪಕೂಡದು.

ರ್‍ಯಾಪಿಡ್ ಎಂದಾಗ ನೆನಪಾಯಿತು. ಕಂಪ್ಯೂಟರಿನ ಸಿಮ್ಯುಲೇಶನ್‌ನಲ್ಲಿ ತಮ್ಮ ಟೂಲು ಇಲ್ಲಿಂದ ಅಲ್ಲಿಗೆ ನೇರ ಗೆರೆ ಎಳೆದಂತೆ ಹಾರುತ್ತದೆ. ಮಾಲೀಕರಿಗೆ ಅದನ್ನು ತೋರಿಸಿ ಭೇಷ್ ಅನ್ನಿಸಿಕೊಂಡದ್ದೂ ಉಂಟು. ತಾವು ಮಾತ್ರ ನೇರವಾಗಿ ಹೋಗುವವರಲ್ಲ. ಎಕ್ಸ್ ಕಡೆ 300, ವೈ ಕಡೆ 100 ಹೋಗಬೇಕಾದರೆ ಎರಡೂ ಅಕ್ಷಗಳನ್ನು ಪೂರ್ತಿ ವೇಗದಲ್ಲಿ ಒಟ್ಟಿಗೆ ಬಿಡುತ್ತೀರಿ. ಮೊದಲ 100 ನಲವತ್ತೈದು ಡಿಗ್ರಿ ಓರೆಯಲ್ಲಿ, ವೈ ಮುಗಿದ ಮೇಲೆ ಉಳಿದ 200 ಎಕ್ಸ್ ಉದ್ದಕ್ಕೆ. ಆ ಮುರಿದ ದಾರಿಯ ಮೂಲೆಯಲ್ಲಿ ನಮ್ಮ ಕ್ಲ್ಯಾಂಪ್ ಬೋಲ್ಟು ಕೂತಿತ್ತು ಎಂಬುದು ಸಿಮ್ಯುಲೇಶನ್ನಿಗೆ ಗೊತ್ತಿರಲಿಲ್ಲ, ತಮಗೆ ಗೊತ್ತಿರಬೇಕಾದ ಅಗತ್ಯವಿರಲಿಲ್ಲ. ಈಗ ಪೋಸ್ಟ್ ಮೊದಲು ಜೆಡ್ ಎತ್ತುತ್ತದೆ, ಆಮೇಲಷ್ಟೇ ಎಕ್ಸ್-ವೈ. ಕ್ಲ್ಯಾಂಪ್‌ಗಳ ನಡುವೆ ಓಡಾಡುವಾಗ ರ್‍ಯಾಪಿಡ್ ಎನ್ನುವುದನ್ನೇ ಬಿಟ್ಟು, ದೊಡ್ಡ ಫೀಡ್ ಕೊಟ್ಟು ಜಿ01ರಲ್ಲಿ ಕಳಿಸುತ್ತದೆ. ಜಿ01 ಅಂದಾಗ ಮಾತ್ರ ತಾವು ನೇರವಂತರು.

ತಮ್ಮ ನೆನಪಿನ ಶಕ್ತಿಯನ್ನು ಎಷ್ಟು ಹೊಗಳಿದರೂ ಸಾಲದು. ತಮ್ಮ ಪಟ್ಟಿಯಲ್ಲಿ ಮೆಮೊರಿ 80 ಮೀಟರ್ ಎಂದಿದೆ. ಮೊದಲ ಸಲ ಓದಿದಾಗ ಯಾರೋ ಬಟ್ಟೆ ಅಂಗಡಿಯ ಬಿಲ್ಲು ಸೇರಿಸಿದ್ದಾರೆ ಅಂದುಕೊಂಡೆ. ತಮ್ಮ ಹಿರಿಯರು ಓದುತ್ತಿದ್ದದ್ದು ತೂತು ಹೊಡೆದ ಕಾಗದದ ಪಟ್ಟಿ, ಇಂಚಿಗೆ ಹತ್ತು ಅಕ್ಷರ. ಆ ಅಳತೆಯಲ್ಲಿ 80 ಮೀಟರ್ ಅಂದರೆ ಸುಮಾರು 31,500 ಅಕ್ಷರ. ಫೋನಿನಲ್ಲಿ ತೆಗೆದ ಒಂದು ಫೋಟೊ ಇದರ ನೂರು ಪಟ್ಟು ಇರುತ್ತದೆ. ಕಾಗದದ ಪಟ್ಟಿಯನ್ನು ತಾವು ಕಣ್ಣಾರೆ ಕಂಡವರಲ್ಲ. ಆದರೂ ಪ್ರತಿ ಪ್ರೋಗ್ರಾಮಿನ ಮೊದಲಿಗೂ ಕೊನೆಗೂ ಶೇಕಡಾ ಚಿಹ್ನೆ ಇರಲೇಬೇಕೆಂದು, ಪಟ್ಟಿ ಸುತ್ತುವುದನ್ನು ಎಲ್ಲಿ ನಿಲ್ಲಿಸಬೇಕೆಂದು ತೋರಿಸುತ್ತಿದ್ದ ಆ ಗುರುತನ್ನು, ತಪ್ಪದೆ ಕೇಳುತ್ತೀರಿ. ಪಿತೃಗಳ ಮೇಲೆ ಇಷ್ಟು ಶ್ರದ್ಧೆ ಇಟ್ಟುಕೊಂಡವರನ್ನು ನಾನು ಬೇರೆ ಕಂಡಿಲ್ಲ.

ಗುಬ್ಬಿ ಕಡೆಯ ಅಡಿಕೆ ಸುಲಿಯುವ ಯಂತ್ರದ ಬಿಡಿಭಾಗಗಳಿಗೆ ಈ 80 ಮೀಟರ್ ಧಾರಾಳ. ನಾಲ್ಕು ತೂತು, ಒಂದು ಪಾಕೆಟ್, ಮುಗಿಯಿತು. ಕುಣಿಗಲ್‌ನಿಂದ ಬರುವ ಪ್ಲಾಸ್ಟಿಕ್ ಮೋಲ್ಡುಗಳದ್ದು ಹಾಗಲ್ಲ. ಉಬ್ಬುತಗ್ಗಿನ ಮೈಯನ್ನು ಬಾಲ್‌ನೋಸ್ ಕಟರಿನಿಂದ ಉಜ್ಜಬೇಕು. ಕ್ಯಾಮ್ ಅದನ್ನು 0.1 ಮಿಲಿಮೀಟರಿನ ಪುಟ್ಟ ಪುಟ್ಟ ಗೆರೆಗಳಾಗಿ ಕತ್ತರಿಸಿ ಲಕ್ಷಗಟ್ಟಲೆ ಸಾಲು ಬರೆಯುತ್ತದೆ. ತಾವು 070 ಎಂಬ ಅಲಾರಂ ತೋರಿಸಿ, ಹೊಟ್ಟೆ ತುಂಬಿತು ಎನ್ನುತ್ತೀರಿ. ಆಗ ನಮಗಿರುವ ದಾರಿ ಡ್ರಿಪ್ ಫೀಡ್. 1884ರಲ್ಲಿ ಶುರುವಾದ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿಯಿಂದ ವೀರಣ್ಣನವರಂಥ ನಟರು ಬಂದ ಜಿಲ್ಲೆ ನಮ್ಮದು, ಹಾಗಾಗಿ ಈ ಏರ್ಪಾಡು ನಮಗೆ ಹೊಸದಲ್ಲ: ಮಾತು ಬಾಯಿಪಾಠವಿಲ್ಲದ ನಟ ರಂಗದ ಮೇಲೆ, ಪಕ್ಕದ ಪರದೆಯ ಮರೆಯಲ್ಲಿ ಪುಸ್ತಕ ಹಿಡಿದ ಪ್ರಾಂಪ್ಟರ್. ಹಳೆಯ ಕಂಪ್ಯೂಟರ್ ಒಂದು ತಮ್ಮ ಬೆನ್ನ ಹಿಂದೆ ಕೂತು 25 ಪಿನ್ನಿನ ವೈರಿನಲ್ಲಿ ಒಂದೊಂದೇ ಸಾಲು ಪಿಸುಗುಟ್ಟುತ್ತದೆ. ತಾವು ಸಾಕು ಎಂದಾಗ ನಿಲ್ಲಿಸುತ್ತದೆ, ಮುಂದೆ ಎಂದಾಗ ಹೇಳುತ್ತದೆ. ಚಪ್ಪಾಳೆ ತಮಗೆ.

ಆದರೆ ತಮ್ಮ ಕಿವಿಯ ವೇಗ 4800 ಬಾಡ್. ಒಂದು ಅಕ್ಷರಕ್ಕೆ ಆರಂಭ, ಪ್ಯಾರಿಟಿ, ಕೊನೆಯ ಎರಡು ಸೇರಿ ಹನ್ನೊಂದು ಬಿಟ್. ಸೆಕೆಂಡಿಗೆ ಸುಮಾರು 436 ಅಕ್ಷರ. ಸಾಲಿನ ನಂಬರು, ನಡುವೆ ಖಾಲಿ ಜಾಗ, ಕೊನೆಯ ಸೊನ್ನೆ ಎಲ್ಲ ಇಟ್ಟುಕೊಂಡು ಚಂದವಾಗಿ ಬರೆದ ಒಂದು ಸಾಲಿಗೆ 32 ಅಕ್ಷರ ಎನ್ನಿ. ಸೆಕೆಂಡಿಗೆ ಹದಿಮೂರೂವರೆ ಸಾಲು, ಸಾಲಿಗೆ 0.1 ಮಿಲಿಮೀಟರಿನಂತೆ ನಿಮಿಷಕ್ಕೆ 80 ಮಿಲಿಮೀಟರ್ ಚಿಲ್ಲರೆ. ಪ್ರೋಗ್ರಾಮಿನಲ್ಲಿ ಫೀಡ್ 600 ಎಂದು ಬರೆದಿದ್ದರೂ ತಾವು ಹೋಗುವುದು ಅಷ್ಟೇ, ಅದೂ ತಡವರಿಸುತ್ತ; ನಿಂತಲ್ಲೆಲ್ಲ ಮೋಲ್ಡಿನ ಮೈಮೇಲೆ ಒಂದು ಕಲೆ. ಅದಕ್ಕೆ ಪೋಸ್ಟ್‌ನಲ್ಲಿ ಸಾಲಿನ ನಂಬರು ಕಿತ್ತೆವು, ಖಾಲಿ ಜಾಗ ಕಿತ್ತೆವು, ಚುಕ್ಕೆಯ ನಂತರ ಅಂಕಿಯ ಕೊನೆಗೆ ಬರುವ ಸೊನ್ನೆಗಳನ್ನು ಕಿತ್ತೆವು. ಅದೇ ಸಾಲು 22 ಅಕ್ಷರಕ್ಕೆ ಇಳಿಯಿತು, ನಿಮಿಷಕ್ಕೆ ಹತ್ತಿರ ಹತ್ತಿರ 120 ಮಿಲಿಮೀಟರ್. ಕಬ್ಬಿಣ ಮುಟ್ಟದೆ, ಟೂಲು ಬದಲಿಸದೆ, ಬರೀ ಖಾಲಿ ಜಾಗ ಅಳಿಸಿ ಒಂದೂವರೆ ಪಟ್ಟು ವೇಗ ತಂದುಕೊಟ್ಟ ಸೇವೆ ಇದು. ಸಣ್ಣ ಗೆರೆಗಳನ್ನು ಆದಷ್ಟು ಕಂಸಗಳಾಗಿ ಒಟ್ಟುಗೂಡಿಸಿ ಕೊಡು ಎಂದು ಕ್ಯಾಮ್‌ಗೂ ಹೇಳಿದೆವು. ತಮ್ಮ ವತಿಯಿಂದ ಒಂದು ಬೀಪ್ ಶಬ್ದವೂ ಬರಲಿಲ್ಲ, ಅದೇ ಪ್ರಸಾದ ಎಂದುಕೊಂಡಿದ್ದೇವೆ.

ಕಂಸಗಳ ಬಗ್ಗೆ ತಮ್ಮ ಸೂಕ್ಷ್ಮತೆ ಬೇರೆಯೇ ಪತ್ರಕ್ಕೆ ಸಾಕಾಗುವಷ್ಟಿದೆ. ಅರ್ಧ ವೃತ್ತಕ್ಕಿಂತ ಹೆಚ್ಚು ಒಮ್ಮೆಗೆ ತಿರುಗಿಸಬಾರದೆಂದು ನಾವೇ ಮಿತಿ ಹಾಕಿಕೊಂಡೆವು. ಹೊರಟ ಜಾಗದ ತ್ರಿಜ್ಯಕ್ಕೂ ಮುಟ್ಟಿದ ಜಾಗದ ತ್ರಿಜ್ಯಕ್ಕೂ ತಾವು ಒಪ್ಪುವಷ್ಟಕ್ಕಿಂತ ಒಂದಿಷ್ಟು ಹೆಚ್ಚು ವ್ಯತ್ಯಾಸ ಬಂದರೆ ಅಲಾರಂ. ಟ್ಯಾಪಿಂಗ್‌ಗೆ ಸ್ಪಿಂಡಲನ್ನೂ ಫೀಡನ್ನೂ ಒಟ್ಟಿಗೆ ಹೊಂದಿಸುವ ಎಂ29 ಎಂದರೆ ತಮಗೆ ಪರಿಚಯವಿಲ್ಲ. ಆದ್ದರಿಂದ ತೇಲುವ ಟ್ಯಾಪ್ ಹೋಲ್ಡರ್ ಹಾಕಿ, ಎಂ8 ಟ್ಯಾಪಿಗೆ ಪಿಚ್ 1.25, ವೇಗ 400, ಫೀಡ್ 500 ಎಂದು ಪೋಸ್ಟೇ ಗುಣಿಸಿ ಕೊಡುತ್ತದೆ. ಇವನ್ನೆಲ್ಲ ಮನ್ನಿಸಿದ್ದೇವೆ.

ಮನ್ನಿಸಲು ಕಷ್ಟವಾದದ್ದು ಒಂದಿದೆ. ಪ್ರೋಗ್ರಾಮಿನ ನಡುವೆ ಆವರಣದಲ್ಲಿ ಆಪರೇಟರಿಗೆ ಒಂದು ಮಾತು ಬರೆಯುವ ಸೌಕರ್ಯ ತಮ್ಮಲ್ಲಿದೆ. ನಮ್ಮ ಆಪರೇಟರ್ ಅಣ್ಣ ಓದಿದ್ದು ಕನ್ನಡ ಶಾಲೆಯಲ್ಲಿ, ಐಟಿಐ ಮಾಡಿದ್ದೂ ಕನ್ನಡದಲ್ಲೇ ಕೇಳಿ ಕಲಿತು. 'ಇಲ್ಲಿ ನಿಲ್ಲಿಸಿ, ಎಡಗಡೆ ಕ್ಲ್ಯಾಂಪ್ ತೆಗೆದು ಬಲಗಡೆ ಹಾಕಣ್ಣ' ಎಂದು ಬರೆಯುವ ಆಸೆ ನನಗೆ. ತಮಗೆ ಇಂಗ್ಲಿಷ್ ಬಿಟ್ಟರೆ ಬೇರೆ ಲಿಪಿ ಬಾರದು. ಇಂಗ್ಲಿಷಿನಲ್ಲೂ ದೊಡ್ಡಕ್ಷರ ಮಾತ್ರ, ಸಣ್ಣಕ್ಷರ ಕಂಡರೆ ಅಲ್ಲೇ ಮುನಿಸು. ಆದ್ದರಿಂದ ಪೋಸ್ಟ್‌ನಲ್ಲಿ ಎಲ್ಲ ಟಿಪ್ಪಣಿಗಳನ್ನೂ ದೊಡ್ಡಕ್ಷರಕ್ಕೆ ಬದಲಿಸಿ, ಉಳಿದ ಚಿಹ್ನೆಗಳನ್ನು ಒರೆಸಿಹಾಕುವ ನಾಲ್ಕು ಸಾಲು ಬರೆದೆ. ತಮ್ಮ ಹಸಿರು ಪರದೆಯ ಮೇಲೆ ನಮ್ಮ ಮಾತು ಈಗ ಇಂಗ್ಲಿಷ್ ದೊಡ್ಡಕ್ಷರದಲ್ಲಿ, ಕೂಗಿದಂತೆ, ಕನ್ನಡದಲ್ಲೇ ಬರುತ್ತದೆ. ಅಣ್ಣ ಅದನ್ನು ಓದಿ ಕ್ಲ್ಯಾಂಪ್ ಬದಲಿಸುತ್ತಾರೆ. ತಮಗೆ ಗೊತ್ತಾಗದಂತೆ ತಮ್ಮೊಳಗೆ ಕನ್ನಡ ಹೋಗಿದೆ ಎಂಬ ವಿಷಯವನ್ನು ಇಲ್ಲಿ ಬಹಿರಂಗಪಡಿಸುತ್ತಿರುವುದಕ್ಕೆ ಕ್ಷಮೆಯಿರಲಿ.

ಇಷ್ಟೆಲ್ಲ ಯಾಕೆ, ಹೊಸದು ತನ್ನಿ ಎನ್ನುವವರು ಇದ್ದಾರೆ. ತುಮಕೂರು ರಸ್ತೆಯ ಮಾದಾವರದಲ್ಲಿ ಐಮ್‌ಟೆಕ್ಸ್ ಪ್ರದರ್ಶನ ನಡೆದಾಗ ಮಾಲೀಕರು ಹೋಗಿ, ಮಿರುಗುವ ಐದು ಅಕ್ಷಗಳ ಮಷಿನ್ನುಗಳನ್ನು ಮುಟ್ಟಿ, ಚೀಲದ ತುಂಬ ಕ್ಯಾಟಲಾಗು ತರುತ್ತಾರೆ. ವಸಂತನರಸಾಪುರದಲ್ಲಿ ಮಷಿನ್ ಟೂಲ್ ಪಾರ್ಕೇ ಇದೆ. ನಮ್ಮ ಜಿಲ್ಲೆಗೆ ಒಂದೇ ತಿಂಗಳಲ್ಲಿ ಎರಡು ಸುದ್ದಿ ಬಂದದ್ದೂ ಉಂಟು: 2016ರ ಜನವರಿಯಲ್ಲಿ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಗೆ ಅಡಿಗಲ್ಲು ಬಿತ್ತು, ಅದೇ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಕೈಗಡಿಯಾರ ಮಾಡುತ್ತಿದ್ದ ತುಮಕೂರಿನ ಎಚ್‌ಎಂಟಿ ಜಾಗ ಇಸ್ರೊಗೆ ಹೋಯಿತು, 615 ಎಕರೆಯ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ಆಕಾಶದ ಕಡೆ ನೋಡುವ ಜಿಲ್ಲೆಯ ಮೂಲೆಯ ಶೆಡ್ಡೊಂದರಲ್ಲಿ ತಾವು ಮೂರು ಅಕ್ಷ ಇಟ್ಟುಕೊಂಡು ಅಡಿಕೆ ಯಂತ್ರದ ಬ್ರಾಕೆಟ್ಟು ಕೊರೆಯುತ್ತಿದ್ದೀರಿ. ಮಾಲೀಕರು ಬ್ಯಾಂಕಿನ ಕಂತು ಲೆಕ್ಕ ಹಾಕಿ, ತಮ್ಮ ಕಬ್ಬಿಣದ ಮೈ ತಟ್ಟಿ, 'ಇದು ಇನ್ನೂ ಇಪ್ಪತ್ತು ವರ್ಷ ಓಡತ್ತೆ, ನೀನು ಪೋಸ್ಟ್ ಒಂದು ಸರಿ ಮಾಡು' ಎನ್ನುತ್ತಾರೆ.

ಮಾಲೀಕರ ಮಾತಿನ ಮೊದಲರ್ಧ ನಿಜ, ಅದೇ ನನ್ನ ಸಂಕಟ. ತಮ್ಮ ಎರಕ ಗಟ್ಟಿ, ಗೈಡ್‌ವೇ ಇನ್ನೂ ಸವೆದಿಲ್ಲ, ದಪ್ಪ ಕಟ್ ಕೊಟ್ಟರೆ ಹೊಸಬರು ಗಡಗಡ ನಡುಗುವಲ್ಲಿ ತಾವು ಅಲುಗುವುದಿಲ್ಲ. ಕೆಟ್ಟವರಾಗಿದ್ದಿದ್ದರೆ ಗುಜರಿಗೆ ಹೋಗುತ್ತಿದ್ದಿರಿ, ನಾನು ರಾತ್ರಿ ಮನೆಗೆ ಹೋಗುತ್ತಿದ್ದೆ. ಮಾತಿನ ಎರಡನೆಯ ಅರ್ಧದಲ್ಲಿರುವ ಆ 'ಪೋಸ್ಟ್ ಒಂದು'ಕ್ಕೆ ಬಿಲ್ಲಿನಲ್ಲಿ ಕಾಲಂ ಇಲ್ಲ. ಜಾಬ್‌ವರ್ಕ್ ಬಿಲ್ಲಿನಲ್ಲಿ ಮಷಿನ್ ಗಂಟೆಗೆ ಇಷ್ಟು ಎಂದಿರುತ್ತದೆ; ಟೂಲಿಗೆ ದುಡ್ಡು, ಮೆಟೀರಿಯಲ್‌ಗೆ ದುಡ್ಡು, ಸಾಗಣೆಗೂ ಉಂಟು. ತಾವು ಓಡುವ ಗಂಟೆ ಲೆಕ್ಕಕ್ಕೆ ಬರುತ್ತದೆ, ತಮ್ಮನ್ನು ಓಡುವಂತೆ ಮಾಡುವ ಗಂಟೆ ಬರುವುದಿಲ್ಲ. ಪೋಸ್ಟ್ ಸರಿಯಾಗಿದ್ದರೆ ಅದು ಇದೆಯೆಂದೇ ಯಾರಿಗೂ ಗೊತ್ತಾಗುವುದಿಲ್ಲ. ತಪ್ಪಾದ ದಿನ ಮಾತ್ರ ಶೆಡ್ಡಿನಲ್ಲಿರುವವರೆಲ್ಲ ನನ್ನ ಕಡೆ ತಿರುಗುತ್ತಾರೆ.

ಆಯುಧಪೂಜೆಯ ದಿನ ಈ ವ್ಯವಸ್ಥೆ ಎಲ್ಲರಿಗೂ ಕಾಣುವಂತೆ ನಡೆಯುತ್ತದೆ. ತಮಗೆ ಸೇವಂತಿಗೆ ಹಾರ, ಬಾಳೆಕಂದು, ಬಾಗಿಲಿನ ಗಾಜಿನ ಮೇಲೆ ವಿಭೂತಿ ಪಟ್ಟೆ, ಎದುರಿಗೆ ಒಡೆದ ಬೂದುಗುಂಬಳಕಾಯಿ. ಪೋಸ್ಟ್ ಫೈಲು ಇರುವ ಲ್ಯಾಪ್‌ಟಾಪಿನ ಮೂಲೆಗೆ ಮಿಕ್ಕ ಕುಂಕುಮದ ಒಂದು ಬೊಟ್ಟು. ಆ ಬೊಟ್ಟೂ ಕೀಲಿಮಣೆಯ ಚುಕ್ಕೆಯ ಕೀಲಿಯ ಮೇಲೆ ಬಿದ್ದು ಅದು ಅಂಟಿಕೊಂಡಿತ್ತು. ಯಾವ ಚುಕ್ಕೆ ಎಂದು ತಮಗೆ ಬಿಡಿಸಿ ಹೇಳಬೇಕಿಲ್ಲ.

ಕಡೆಯದಾಗಿ ಕೆಲವು ವಿನಮ್ರ ಬೇಡಿಕೆ. ತಮ್ಮ ಪ್ಯಾರಾಮೀಟರುಗಳೆಲ್ಲ ನಿಂತಿರುವುದು ಬೆನ್ನಿನ ಪೆಟ್ಟಿಗೆಯ ಮೂರು ದಪ್ಪ ಟಾರ್ಚ್ ಸೆಲ್ಲುಗಳ ಮೇಲೆ. ಅವುಗಳನ್ನು ಬದಲಿಸುವಾಗ ತಾವು ಎಚ್ಚರವಾಗಿರಬೇಕು, ಕರೆಂಟು ಇರಬೇಕು; ಇಲ್ಲವಾದರೆ ತಾವು ಯಾರೆಂಬುದನ್ನೇ ಮರೆಯುತ್ತೀರಿ. ಆ ಹತ್ತು ನಿಮಿಷ ದಯವಿಟ್ಟು ಯಾವ ಅಲಾರಮನ್ನೂ ಕೊಡಬೇಡಿ, ನಮ್ಮ ಕೈ ನಡುಗುತ್ತದೆ. ಪಟ್ಟಿಯ ಉಳಿದ ಪುಟಗಳನ್ನು ನಾನು ಟೈಪ್ ಮಾಡಿ ಇಟ್ಟಿದ್ದೇನೆ. ಪೋಸ್ಟ್ ಫೈಲಿನ ಒಂದೊಂದು ಬದಲಾವಣೆಯ ಪಕ್ಕದಲ್ಲೂ ಯಾಕೆ ಎಂದು ಒಂದು ಸಾಲು ಬರೆದಿದ್ದೇನೆ. ಗುಬ್ಬಿ ಕಡೆ ಕೆಲಸ ಸಿಕ್ಕಿ ಹೋದ ಹಿಂದಿನ ಹುಡುಗ ಹಾಗೆ ಬರೆದಿಡದೆ ಹೋದದ್ದರಿಂದಲೇ ಈ ಪತ್ರದ ಅರ್ಧ ವಿಷಯ ನನಗೆ ಹುಟ್ಟಿದ್ದು.

ನಾಳೆ ಕುಣಿಗಲ್‌ನವರ ಮೋಲ್ಡಿನ ಫಿನಿಷಿಂಗ್ ಇದೆ. ಪೋಸ್ಟ್‌ನಲ್ಲಿ ಇವತ್ತು ಬದಲಿಸಿದ್ದು ಒಂದೇ: ಪ್ರತಿ ಟೂಲು ಬದಲಾದ ಮೇಲೆ ಟೂಲಿನ ಉದ್ದವನ್ನು ಲೆಕ್ಕಕ್ಕೆ ತರುವ ಜಿ43 ಬರದಿದ್ದರೆ ಫೈಲನ್ನೇ ಬರೆಯಕೂಡದು ಎಂದು ಹೇಳಿದ್ದೇನೆ. ಮೊದಲು ಜಾಬಿಗಿಂತ 50 ಮಿಲಿಮೀಟರ್ ಮೇಲೆ ಡ್ರೈ ರನ್, ರ್‍ಯಾಪಿಡ್ 25 ಪರ್ಸೆಂಟ್, ಸಿಂಗಲ್ ಬ್ಲಾಕ್. ಒಪ್ಪಿಸಿಕೊಂಡು ಆಶೀರ್ವದಿಸಬೇಕು.

ಇಂತಿ ತಮ್ಮ ಪಾದಸೇವಕ,
ಲ್ಯಾಪ್‌ಟಾಪಿನ ಹಿಂದೆ ಇರುವವನು

ವಿ.ಸೂ.: ಆಪರೇಟರ್ ಅಣ್ಣನ ಒಂದು ಬೆರಳು ಪೂರ್ತಿ ಹೊತ್ತು ಫೀಡ್ ಹೋಲ್ಡ್ ಬಟನ್ ಮೇಲೆ ಇರುತ್ತದೆ. ತಮ್ಮ ಮೇಲೆ ನಂಬಿಕೆಯಿಲ್ಲ ಎಂದು ದಯವಿಟ್ಟು ತಿಳಿಯಬೇಡಿ. ಇಲ್ಲ ಎಂಬುದು ನಿಜವಾದರೂ.